ಓಲೆಯ ಕಂಟ ಮತ್ತು ಪರದೆಯ ಲೇಖನಿ: ಕೈಬರಹದ ಗೆರೆಯನ್ನು ಕಾಯುವ ಕ್ರಮ

ಪೀಠಿಕೆ

ಆಡಿದ ಮಾತು ಆಡಿದವರೊಡನೆ ಹೋಗುತ್ತದೆ. ಬರೆದ ಮಾತು ಬರೆದ ಕೈ ಮಣ್ಣಾದ ಮೇಲೂ ಉಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ನುಡಿದ ವಚನಗಳು ಇಂದಿನ ಮಕ್ಕಳ ನಾಲಗೆಯ ಮೇಲೆ ನಲಿಯುತ್ತಿರುವುದಕ್ಕೆ ಶರಣರ ಅನುಭಾವದೊಡನೆ ಇನ್ನೊಂದು ಕಾರಣವೂ ಉಂಟು. ಅದು ನಡುವಣ ಶತಮಾನಗಳಲ್ಲಿ ಓಲೆಯ ಮೇಲೆ ಆ ನುಡಿಗಳನ್ನು ಒಂದೊಂದಾಗಿ ಕೊರೆದಿಟ್ಟ ಲಿಪಿಕಾರರ ಸಹನೆ.

ಆ ಕಾರ್ಯಕ್ಕೆ ಹಂಪೆಯ ನೆಲವು ನೆಲೆಯಾಗಿತ್ತೆಂಬುದು ಈ ಭಾಗದ ವಿದ್ಯಾಸಂಸ್ಥೆಗಳಿಗೆ ಹೆಮ್ಮೆಯ ವಿಷಯ. ಹರಿಹರ, ರಾಘವಾಂಕರ ಹೆಸರುಗಳು ಹಂಪೆಯೊಡನೆ ಬೆಸೆದುಕೊಂಡಿವೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಆಳ್ವಿಕೆಯಲ್ಲಿ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದನು. ಚಾಮರಸನ ‘ಪ್ರಭುಲಿಂಗಲೀಲೆ’ಯೂ ಅದೇ ಕಾಲದ್ದು. ಚದುರಿಹೋಗಿದ್ದ ವಚನಗಳನ್ನು ಕಲೆಹಾಕಿ, ಸ್ಥಲಗಳಿಗೆ ಹೊಂದಿಸಿ, ಶೂನ್ಯಸಂಪಾದನೆಯಂತಹ ಸಂಕಲನಗಳನ್ನು ಕಟ್ಟುವ ಕೆಲಸವೂ ಆ ಶತಮಾನದಲ್ಲಿಯೇ ಬಲಗೊಂಡಿತು. ನೂರಾರು ವರ್ಷಗಳ ಮೇಲೆ ಫ. ಗು. ಹಳಕಟ್ಟಿಯವರು ಓಲೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದಾಗ ಅವರ ಕೈಗೆ ದೊರೆತದ್ದು ಇಂತಹ ಲಿಪಿಕಾರರ ಬರಹವೇ.

ಇಂದು ಬರಹದ ಸಾಧನ ಬದಲಾಗಿದೆ. ಓಲೆಯ ಸ್ಥಾನದಲ್ಲಿ ಗಾಜಿನ ಪರದೆಯೂ, ಕಬ್ಬಿಣದ ಕಂಟದ ಸ್ಥಾನದಲ್ಲಿ ಸ್ಟೈಲಸ್ ಎಂಬ ವಿದ್ಯುನ್ಮಾನ ಲೇಖನಿಯೂ ಬಂದಿವೆ. ಬ್ರೌಸರಿನಲ್ಲಿ ತೆರೆಯುವ ಚಿತ್ರಫಲಕದ ಮೇಲೆ ವಿದ್ಯಾರ್ಥಿಯು ಅಕ್ಷರವನ್ನು ತಿದ್ದಬಹುದು, ಶಾಸನದ ಛಾಯಾಚಿತ್ರದ ಮೇಲೆ ಗೆರೆ ಎಳೆದು ಪ್ರತಿಮಾಡಬಹುದು. ಆದರೆ ಆ ಫಲಕವನ್ನು ಸಿದ್ಧಪಡಿಸಿದವರು ಲೇಖನಿಯ ಸ್ವಭಾವವನ್ನು ಅರಿಯದಿದ್ದಲ್ಲಿ ಬರೆದ ಕೈಯ ಗುರುತು ಅರ್ಧಕ್ಕರ್ಧ ಕಳೆದುಹೋಗುತ್ತದೆ. ಹೇಗೆ ಕಳೆಯುತ್ತದೆ, ಕಳೆಯದಂತೆ ಕಾಯುವುದು ಹೇಗೆ ಎಂಬುದೇ ಈ ಪಾಠದ ವಿಷಯ.

೧. ಹಳೆಯ ಫಲಕಗಳು

ಓಲೆಯ ಮೇಲೆ ಬರೆಯುವುದೆಂದರೆ ಬಣ್ಣ ಬಳಿಯುವುದಲ್ಲ, ಕೊರೆಯುವುದು. ಲಿಪಿಕಾರನು ಹದಗೊಳಿಸಿದ ತಾಳೆಗರಿಯನ್ನು ಎಡಗೈಯಲ್ಲಿ ಹಿಡಿದು, ಎಡ ಹೆಬ್ಬೆರಳ ಆಸರೆಯಿಂದ ಬಲಗೈಯ ಕಂಟವನ್ನು ನಡೆಸುತ್ತಿದ್ದನು. ಕೊರೆದ ಗೆರೆಗೆ ಮಸಿ ಹಚ್ಚಿ ಒರೆಸಿದಾಗ ಅಕ್ಷರವು ಕಪ್ಪಾಗಿ ಮೂಡುತ್ತಿತ್ತು. ಒತ್ತಡ ಹೆಚ್ಚಾದರೆ ಗರಿ ತೂತಾಗುವುದು. ಕಡಮೆಯಾದರೆ ಮಸಿ ನಿಲ್ಲದು. ಗರಿಯ ನಾರಿನ ಜಾಡಿನಲ್ಲಿ ನೇರ ಗೀಟೆಳೆದರೆ ಗರಿ ಸೀಳುವ ಭಯವಿದ್ದುದರಿಂದಲೇ ಕನ್ನಡ ಅಕ್ಷರಗಳು ದುಂಡಗಾದುವೆಂದು ಹೇಳುವುದುಂಟು.

ಕಡತವೆಂಬುದು ಇನ್ನೊಂದು ಫಲಕ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಪಾಟಿಯೆಂದೂ ಸ್ಲೇಟೆಂದೂ ಕರೆಯಲಾದ ಕಲ್ಲಿನ ಹಲಗೆ ಶಾಲೆಯ ಮಕ್ಕಳ ಫಲಕವಾಯಿತು. ಕಡತವನ್ನೂ ಪಾಟಿಯನ್ನೂ ಒರೆಸಿ ಮತ್ತೆ ಬರೆಯಬಹುದಿತ್ತು. ಓಲೆಯ ಮೇಲೆ ಕೊರೆದುದನ್ನು ಅಳಿಸುವಂತಿರಲಿಲ್ಲ. ಬಿಟ್ಟುಹೋದ ಅಕ್ಷರವನ್ನು ಹಂಸಪಾದದ ಗುರುತಿಟ್ಟು ಸೇರಿಸಬೇಕಾಗುತ್ತಿತ್ತು. ಇದರಿಂದ ಓದುಗನಿಗೆ ಒಂದು ಲಾಭವೂ ಆಯಿತು: ಲಿಪಿಕಾರನು ಎಲ್ಲಿ ತಪ್ಪಿದನು, ಎಲ್ಲಿ ತಿದ್ದಿದನು ಎಂಬುದಕ್ಕೆ ಓಲೆಯೇ ಸಾಕ್ಷಿಯಾಗಿ ಉಳಿಯಿತು.

ಪರದೆಯ ಫಲಕವು ಒರೆಸುವುದರಲ್ಲಿ ಪಾಟಿಯಂತೆ, ಸಾಕ್ಷಿಯಾಗುವುದರಲ್ಲಿ ಓಲೆಯಂತೆ ಇರಬೇಕು. ಈ ಎರಡು ಗುಣಗಳನ್ನು ಕೂಡಿಸುವುದೇ ಅದನ್ನು ನಿರ್ಮಿಸುವವರ ಮುಂದಿರುವ ಸಮಸ್ಯೆ.

೨. ಪರದೆಯ ಲೇಖನಿ ತಿಳಿಸುವ ಸಂಗತಿಗಳು

ಯಂತ್ರದ ಪರದೆಯ ಮೇಲೆ ಲೇಖನಿಯಿಂದ ಗೆರೆ ಎಳೆಯುವ ಪ್ರಯತ್ನ ಹೊಸದಲ್ಲ. ೧೯೬೩ರಲ್ಲಿ ಐವನ್ ಸದರ್ಲೆಂಡ್ ಅವರು ಅಮೆರಿಕದ ಎಂ.ಐ.ಟಿ.ಯಲ್ಲಿ ಬೆಳಕಿನ ಲೇಖನಿಯಿಂದ ರೇಖಾಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಮರುವರ್ಷವೇ ರ‍್ಯಾಂಡ್ ಸಂಸ್ಥೆಯ ಬರಹದ ಹಲಗೆ ಬೆಳಕಿಗೆ ಬಂದಿತು. ಬ್ರೌಸರಿನಲ್ಲಿ ಚಿತ್ರ ಬರೆಯಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಕ್ಯಾನ್ವಾಸ್’ ಎಂಬ ಅಂಗವನ್ನು ೨೦೦೪ರಲ್ಲಿ ಆ್ಯಪಲ್ ಸಂಸ್ಥೆ ಮೊದಲು ತಂದಿತು. ಮೌಸು, ಬೆರಳು, ಲೇಖನಿ ಈ ಮೂರನ್ನೂ ಒಂದೇ ಕ್ರಮದಲ್ಲಿ ಗ್ರಹಿಸುವ ‘ಪಾಯಿಂಟರ್ ಈವೆಂಟ್ಸ್’ ಎಂಬ ನಿಯಮಾವಳಿಯು ೨೦೧೫ರಲ್ಲಿ ವಿಶ್ವಜಾಲ ಒಕ್ಕೂಟದ ಶಿಫಾರಸಾಗಿ ಅಂಗೀಕೃತವಾಯಿತು. ಅದರ ಎರಡನೆಯ ಹಂತ ೨೦೧೯ರಲ್ಲಿ ಹೊರಬಂದಿತು.

ಈ ಕ್ರಮದಲ್ಲಿ ಲೇಖನಿಯು ಪರದೆಯನ್ನು ಮುಟ್ಟಿದಾಗ, ಸರಿದಾಗ, ಮೇಲೆದ್ದಾಗ ಬ್ರೌಸರು ಪ್ರೋಗ್ರಾಮಿಗೆ ಒಂದೊಂದು ವಾರ್ತೆಯನ್ನು ಕಳುಹಿಸುತ್ತದೆ. ಪ್ರತಿಯೊಂದು ವಾರ್ತೆಯಲ್ಲಿಯೂ ಅಡಕವಾಗಿರುವ ಮುಖ್ಯ ಸಂಗತಿಗಳು ಇವು:

ಮೊದಲನೆಯದು, ಮುಟ್ಟಿದ್ದು ಲೇಖನಿಯೋ ಬೆರಳೋ ಮೌಸೋ ಎಂಬ ಜಾತಿ. ಎರಡನೆಯದು, ಆ ಸ್ಪರ್ಶಕ್ಕೆ ಕೊಟ್ಟ ಗುರುತಿನ ಸಂಖ್ಯೆ. ಮೂರನೆಯದು, ಅಡ್ಡ ಮತ್ತು ಉದ್ದ ಅಳತೆಗಳಲ್ಲಿ ಹೇಳಿದ ಸ್ಥಾನ. ನಾಲ್ಕನೆಯದು, ಸೊನ್ನೆಯಿಂದ ಒಂದರವರೆಗಿನ ಒತ್ತಡ. ಐದನೆಯದು, ಲೇಖನಿಯು ಎಡಬಲಕ್ಕೂ ಹಿಂದುಮುಂದಕ್ಕೂ ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದು. ಆರನೆಯದು, ವಾರ್ತೆ ಹುಟ್ಟಿದ ಹೊತ್ತು. ಲೇಖನಿಯ ಹಿಂತುದಿಯಲ್ಲಿ ಅಳಿಸುವ ಭಾಗವಿದ್ದರೆ ಅದನ್ನು ಬಳಸಿದುದೂ ಬೇರೆ ಗುರುತಿನಿಂದ ತಿಳಿಯುತ್ತದೆ.

ಫಲಕವು ಇವುಗಳಲ್ಲಿ ಸ್ಥಾನವೊಂದನ್ನೇ ಹಿಡಿದುಕೊಂಡು ಉಳಿದುದನ್ನೆಲ್ಲ ಬಿಟ್ಟರೆ ಲೇಖನಿಯು ಮೌಸಿನ ಮಟ್ಟಕ್ಕೆ ಇಳಿಯುತ್ತದೆ. ಗೆರೆಯೇನೋ ಮೂಡುತ್ತದೆ, ಆದರೆ ಅದರ ದಪ್ಪ ತೆಳುವು, ಕೈಯ ವೇಗ, ಅಕ್ಷರವನ್ನು ಯಾವ ಕಡೆಯಿಂದ ಮೊದಲುಮಾಡಿದರೆಂಬ ಕ್ರಮ ಯಾವುದೂ ಉಳಿಯುವುದಿಲ್ಲ.

೩. ಗೆರೆಯ ಹುಟ್ಟು, ನಡಿಗೆ ಮತ್ತು ಕೊನೆ

ಮುಟ್ಟಿದಾಗ ಬರುವ ವಾರ್ತೆಗೆ ‘ಪಾಯಿಂಟರ್‌ಡೌನ್’, ಸರಿದಾಗ ಬರುವುದಕ್ಕೆ ‘ಪಾಯಿಂಟರ್‌ಮೂವ್’, ಎತ್ತಿದಾಗ ಬರುವುದಕ್ಕೆ ‘ಪಾಯಿಂಟರ್‌ಅಪ್’ ಎಂದು ಹೆಸರು. ಹೊಸಬರು ಸಾಮಾನ್ಯವಾಗಿ ಸರಿದಾಗ ಮಾತ್ರ ಗೆರೆ ಎಳೆಯುವಂತೆ ಪ್ರೋಗ್ರಾಮು ಬರೆಯುತ್ತಾರೆ. ಇದರ ದೋಷ ಮೊದಲ ನೋಟಕ್ಕೆ ಕಾಣುವುದಿಲ್ಲ. ಆದರೆ ಲೇಖನಿಯನ್ನು ಒಮ್ಮೆ ಚುಕ್ಕೆಯಂತೆ ಇಟ್ಟು ಎತ್ತಿದರೆ ಮುಟ್ಟಿದ ಮತ್ತು ಎತ್ತಿದ ವಾರ್ತೆಗಳೆರಡೇ ಬರಬಹುದು; ನಡುವೆ ಸರಿದ ವಾರ್ತೆ ಇರದು. ಆಗ ಚುಕ್ಕೆಯೇ ಮೂಡುವುದಿಲ್ಲ.

ಕನ್ನಡ ಬರಹದಲ್ಲಿ ಇದು ಅಲ್ಪ ದೋಷವಲ್ಲ. ‘ದ’ಕಾರದ ಕೆಳಗೆ ಒಂದು ಸಣ್ಣ ಸೀಳು ಬಿದ್ದರೆ ಅದು ‘ಧ’ಕಾರ, ‘ಪ’ಕಾರದ ಹೊಟ್ಟೆಗೆ ಒಂದು ಗೀಟು ಬಿದ್ದರೆ ‘ಷ’ಕಾರ. ವೇಗವಾಗಿ ಬರೆಯುವ ಕೈಯಲ್ಲಿ ಈ ಸೀಳು ಬರಿಯ ಚುಕ್ಕೆಯಾಗುತ್ತದೆ. ಫಲಕವು ಆ ಚುಕ್ಕೆಯನ್ನು ನುಂಗಿದರೆ ಧನವು ದನವಾಗುವುದು. ಓಲೆಯ ಪ್ರತಿಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲದಿಂದ ಸಂಪಾದಕರು ಪಟ್ಟ ಪಾಡನ್ನು ಬಲ್ಲವರು ಹೊಸ ಸಾಧನವೊಂದು ಅದೇ ಗೊಂದಲವನ್ನು ತಾನಾಗಿ ತಂದೊಡ್ಡುವುದನ್ನು ಒಪ್ಪಲಾರರು. ಆದಕಾರಣ ಲೇಖನಿಯು ಮುಟ್ಟಿದ ಕ್ಷಣದಲ್ಲಿಯೇ ಒಂದು ಬಿಂದುವನ್ನು ಇಟ್ಟು, ಅನಂತರ ನಡಿಗೆಯನ್ನು ಅದಕ್ಕೆ ಜೋಡಿಸತಕ್ಕದ್ದು.

ಎರಡನೆಯ ತೊಡಕು ಅಂಚಿನದು. ಬರೆಯುತ್ತಿರುವಾಗ ಲೇಖನಿಯು ಫಲಕದ ಎಲ್ಲೆಯನ್ನು ದಾಟಿ ಹೊರಗೆ ಮೇಲೆದ್ದರೆ, ಎತ್ತಿದ ವಾರ್ತೆಯು ಫಲಕಕ್ಕೆ ತಲಪದೆ ಹೋಗಬಹುದು. ಆಗ ಗೆರೆ ಮುಗಿಯಿತೆಂದು ಫಲಕಕ್ಕೆ ಗೊತ್ತಾಗದು. ಲೇಖನಿ ಮತ್ತೆ ಒಳಬಂದೊಡನೆ ಹಳೆಯ ತುದಿಯಿಂದ ಹೊಸ ಸ್ಥಾನಕ್ಕೆ ಬೇಡದ ಗೀಟೊಂದು ಬಿದ್ದುಬಿಡುತ್ತದೆ. ಇದಕ್ಕೆ ಪರಿಹಾರ, ಮುಟ್ಟಿದೊಡನೆ ಆ ಗುರುತಿನ ಸಂಖ್ಯೆಯ ವಾರ್ತೆಗಳೆಲ್ಲ ತನಗೇ ಸೇರಬೇಕೆಂದು ‘ಸೆಟ್‌ಪಾಯಿಂಟರ್‌ಕ್ಯಾಪ್ಚರ್’ ಎಂಬ ಆಜ್ಞೆಯಿಂದ ಕೇಳಿಕೊಳ್ಳುವುದು. ಪರದೆಯನ್ನು ನೇರವಾಗಿ ಮುಟ್ಟುವ ಸಾಧನಗಳಲ್ಲಿ ಇದು ತಾನಾಗಿಯೇ ಆಗುವುದುಂಟು. ಎಲ್ಲ ಸಾಧನಗಳಲ್ಲಿಯೂ ಆಗುವುದಿಲ್ಲವಾದುದರಿಂದ ಸ್ಪಷ್ಟವಾಗಿ ಕೇಳಿಕೊಳ್ಳುವುದೇ ಮೇಲು.

ಮೂರನೆಯದು ‘ಪಾಯಿಂಟರ್‌ಕ್ಯಾನ್ಸಲ್’ ಎಂಬ ವಾರ್ತೆ. ಬ್ರೌಸರು ಆ ಸ್ಪರ್ಶವನ್ನು ಬೇರೆ ಕೆಲಸಕ್ಕೆ ಎತ್ತಿಕೊಂಡಾಗ ಇದು ಬರುತ್ತದೆ. ಇದನ್ನು ಎತ್ತಿದ ವಾರ್ತೆಯೊಡನೆ ಸಮಾನವಾಗಿ ಕಾಣಬಾರದು. ಎತ್ತಿದ್ದು ಬರೆದವರ ಇಚ್ಛೆ. ರದ್ದಾದುದು ಯಂತ್ರದ ನಿರ್ಧಾರ. ಅಂತಹ ಗೆರೆಯನ್ನು ಅಪೂರ್ಣವೆಂದು ಗುರುತಿಸಬೇಕು, ಇಲ್ಲವೆ ತೆಗೆದುಹಾಕಬೇಕು.

೪. ಫಲಕದ ಅಳತೆ

ಪರದೆಯ ಮೇಲೆ ಕಾಣುವ ಫಲಕದ ಅಳತೆ ಒಂದು. ಅದರ ಒಳಗಣ ಬಿಂದುಗಳ ಎಣಿಕೆ ಇನ್ನೊಂದು. ಇಂದಿನ ನುಣುಪಾದ ಪರದೆಗಳಲ್ಲಿ ತೋರಿಕೆಯ ಒಂದು ಅಳತೆಗೆ ಎರಡು ಅಥವಾ ಮೂರು ನಿಜ ಪಿಕ್ಸೆಲುಗಳಿರುತ್ತವೆ. ಫಲಕವು ೬೦೦ ಅಗಲ, ೪೦೦ ಎತ್ತರವಾಗಿ ಕಾಣುತ್ತಿದ್ದು ಅನುಪಾತವು ೨ ಆಗಿದ್ದರೆ ಒಳಗಣ ಎಣಿಕೆಯನ್ನು ೧೨೦೦ ಮತ್ತು ೮೦೦ ಎಂದು ಇಡಬೇಕು. ಹಾಗೆ ಇಡದಿದ್ದರೆ ಅಕ್ಷರದ ಅಂಚು ಮಸುಕಾಗುವುದು.

ಇಟ್ಟ ಮೇಲೆ ಲೆಕ್ಕವನ್ನೂ ಅದಕ್ಕೆ ಸರಿಯಾಗಿ ಮಾಡಬೇಕು. ಲೇಖನಿಯು ಪುಟದ ಎಡದಿಂದ ೩೪೦ರಲ್ಲಿದೆ, ಫಲಕವು ಎಡದಿಂದ ೪೦ರಲ್ಲಿ ಆರಂಭವಾಗುತ್ತದೆ ಎಂದಿಟ್ಟುಕೊಂಡರೆ ಫಲಕದೊಳಗಣ ಸ್ಥಾನ ೩೦೦. ಅದನ್ನು ೨ರಿಂದ ಗುಣಿಸಿದರೆ ೬೦೦. ಈ ಎರಡು ಹೆಜ್ಜೆಗಳನ್ನೂ ಮರೆತು ೩೪೦ರಲ್ಲಿಯೇ ಮಸಿಯಿಟ್ಟರೆ ಅದು ಕಣ್ಣಿಗೆ ಫಲಕದ ಎಡ ಅಂಚಿನಿಂದ ೧೭೦ರಲ್ಲಿ ಕಾಣುವುದು. ಲೇಖನಿ ಒಂದೆಡೆ, ಮಸಿ ಒಂದೆಡೆ! ಇಂತಹ ಫಲಕವನ್ನು ಕೊಟ್ಟು ಮಗುವಿನ ಕೈಬರಹ ಸರಿಯಿಲ್ಲವೆನ್ನುವುದು ಅನ್ಯಾಯ.

೫. ಸೊನ್ನೆಗೆ ಮೂಲೆ ಬಾರದಂತೆ

ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿದವರಿಗೆ ಈ ಭಾಗದ ತತ್ತ್ವ ಸುಲಭವಾಗಿ ಹೊಳೆಯುವುದು. ಸೂಜಿಯು ಬಟ್ಟೆಯನ್ನು ಚುಚ್ಚುವುದು ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ. ದಾರವು ಆ ಬಿಂದುಗಳನ್ನು ಕೂಡಿಸುತ್ತದೆ. ಹೊಲಿಗೆ ಹತ್ತಿರ ಹತ್ತಿರವಾದಷ್ಟೂ ಬಳುಕು ದುಂಡಗೆ ಕಾಣುತ್ತದೆ. ದೂರ ದೂರವಾದರೆ ಮೂಲೆಗಳು ಏಳುತ್ತವೆ.

ಲೇಖನಿಯೂ ಹೀಗೆಯೇ. ಅದು ತನ್ನ ಸ್ಥಾನವನ್ನು ಎಡೆಬಿಡದೆ ಹೇಳುವುದಿಲ್ಲ. ಸೆಕೆಂಡಿಗೆ ಇಂತಿಷ್ಟು ಸಲ ಹೇಳುತ್ತದೆ. ಲೇಖನಿಯೊಂದು ಸೆಕೆಂಡಿಗೆ ೨೪೦ ಸಲ ಸ್ಥಾನ ತಿಳಿಸುವುದೆಂದೂ, ಪರದೆಯು ಸೆಕೆಂಡಿಗೆ ೬೦ ಸಲ ಮಾತ್ರ ಹೊಸದಾಗುವುದೆಂದೂ ಇಟ್ಟುಕೊಳ್ಳೋಣ. ಬ್ರೌಸರು ಸಾಮಾನ್ಯವಾಗಿ ಪರದೆ ಹೊಸದಾಗುವ ಪ್ರತಿ ಸಲಕ್ಕೆ ಒಂದು ಸರಿದ ವಾರ್ತೆಯನ್ನು ಕೊಡುತ್ತದೆ. ನಡುವಣ ಸ್ಥಾನಗಳನ್ನು ಅದರೊಳಗೆ ಕಟ್ಟಿ ಇಟ್ಟಿರುತ್ತದೆ. ಕಟ್ಟನ್ನು ಬಿಚ್ಚದವರಿಗೆ ನಾಲ್ಕರಲ್ಲಿ ಒಂದೇ ಬಿಂದು ದೊರೆಯುವುದು.

ಇದರ ಪರಿಣಾಮವನ್ನು ಲೆಕ್ಕದಿಂದ ತಿಳಿಯಬಹುದು. ವಿದ್ಯಾರ್ಥಿಯು ೧೦೦ ಪಿಕ್ಸೆಲ್ ತ್ರಿಜ್ಯದ ಸೊನ್ನೆಯೊಂದನ್ನು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಸುತ್ತಿದನೆನ್ನೋಣ. ಕಟ್ಟು ಬಿಚ್ಚಿದರೆ ೪೮ ಬಿಂದುಗಳು, ಬಿಚ್ಚದಿದ್ದರೆ ೧೨. ಹನ್ನೆರಡು ಬಿಂದುಗಳನ್ನು ನೇರ ಗೀಟುಗಳಿಂದ ಕೂಡಿಸಿದರೆ ಪ್ರತಿ ಗೀಟಿನ ನಡುಭಾಗವು ನಿಜವಾದ ವೃತ್ತದಿಂದ ಸುಮಾರು ೩.೪ ಪಿಕ್ಸೆಲ್ ಒಳಗೆ ಸರಿಯುವುದು. ನಲವತ್ತೆಂಟು ಬಿಂದುಗಳಾದರೆ ಆ ಅಂತರ ಸುಮಾರು ೦.೨ ಪಿಕ್ಸೆಲಿಗೆ ಇಳಿಯುವುದು. ಮೊದಲನೆಯದನ್ನು ಕಣ್ಣು ಹಿಡಿಯುತ್ತದೆ, ಎರಡನೆಯದನ್ನು ಹಿಡಿಯಲಾರದು. ನೇರ ಗೀಟುಗಳಿಂದ ಕೂಡಿದ ಲಿಪಿಗಳಿಗೆ ಈ ನಷ್ಟ ಅಷ್ಟಾಗಿ ತಾಗದಿರಬಹುದು. ದುಂಡಗಿನ ಕನ್ನಡಕ್ಕೆ ಇದು ಮೂಲಕ್ಕೇ ಬಿದ್ದ ಪೆಟ್ಟು. ಕಟ್ಟನ್ನು ಬಿಚ್ಚುವ ಆಜ್ಞೆಗೆ ‘ಗೆಟ್‌ಕೋಲೆಸ್ಡ್‌ಈವೆಂಟ್ಸ್’ ಎಂದು ಹೆಸರು. ಅದು ಲಭ್ಯವಿರುವ ಬ್ರೌಸರುಗಳಲ್ಲಿ ಅದನ್ನು ಕರೆದು, ಇಲ್ಲದಲ್ಲಿ ಮುಖ್ಯ ವಾರ್ತೆಯನ್ನಷ್ಟೇ ಬಳಸುವಂತೆ ಎರಡೂ ದಾರಿಗಳನ್ನು ಇಟ್ಟುಕೊಳ್ಳತಕ್ಕದ್ದು.

ಬಿಂದುಗಳು ದೊರೆತ ಮೇಲೆ ಅವನ್ನು ಬಳುಕಿನಿಂದ ಕೂಡಿಸುವ ಸುಲಭ ಕ್ರಮವೊಂದಿದೆ. ಕ, ಖ, ಗ ಎಂಬ ಮೂರು ಬಿಂದುಗಳಿದ್ದರೆ ಕ-ಖಗಳ ನಡುಬಿಂದುವಿನಿಂದ ಹೊರಟು, ಖ-ಗಗಳ ನಡುಬಿಂದುವಿನಲ್ಲಿ ಮುಗಿಯುವ, ಖ ಎಂಬುದರ ಕಡೆಗೆ ಬಾಗುವ ವಕ್ರರೇಖೆಯನ್ನು ಎಳೆಯುವುದು. ಬಿಂದುಗಳು (೦, ೦), (೧೦, ೨೦), (೩೦, ೨೦) ಎಂದಾದರೆ ರೇಖೆಯು (೫, ೧೦)ರಿಂದ (೨೦, ೨೦)ರವರೆಗೆ ಸಾಗುತ್ತದೆ. ಹೀಗೆ ಎಳೆದ ತುಂಡುಗಳು ಒಂದಕ್ಕೊಂದು ಮೂಲೆಯಿಲ್ಲದೆ ಬೆಸೆಯುತ್ತವೆ. ಆದರೆ ಒಂದು ಮಾತನ್ನು ಮರೆಯಬಾರದು: ಈ ರೇಖೆಯ ನಡುವು (೧೧.೨೫, ೧೭.೫)ರಲ್ಲಿ ಹಾಯುತ್ತದೆಯೇ ಹೊರತು ಲೇಖನಿಯು ನಿಜವಾಗಿ ಮುಟ್ಟಿದ (೧೦, ೨೦)ರಲ್ಲಿ ಅಲ್ಲ. ಅಂದವಾಗಿದೆ, ನಿಜ, ಆದರೆ ಅದು ತಿದ್ದಿದ ಅಂದ. ಈ ವಿಷಯ ಮುಂದೆ ಮತ್ತೆ ಬರುತ್ತದೆ.

೬. ಒತ್ತಡ ಮತ್ತು ಓರೆ

ಒತ್ತಡದಿಂದ ಗೆರೆಯ ದಪ್ಪವನ್ನು ಪಡೆಯುವ ಸೂತ್ರ ಸರಳ. ಅತಿ ತೆಳುವಾದ ಗೆರೆ ೧, ಅತಿ ದಪ್ಪನೆಯದು ೭ ಎಂದು ಗೊತ್ತುಮಾಡಿದರೆ, ನಡುವಣ ೬ರ ಅಂತರವನ್ನು ಒತ್ತಡದಿಂದ ಗುಣಿಸಿ ೧ಕ್ಕೆ ಕೂಡಿಸಬೇಕು. ಒತ್ತಡ ೦.೨೫ ಆದರೆ ದಪ್ಪ ೨.೫, ಒತ್ತಡ ೦.೭೫ ಆದರೆ ೫.೫. ಮಕ್ಕಳ ಕೈ ಹಗುರ, ದೊಡ್ಡವರದು ಭಾರ. ಆದಕಾರಣ ಮೊದಲು ಕೆಲವು ಗೆರೆಗಳನ್ನು ಎಳೆಯಿಸಿ, ಆಯಾ ಕೈಗೆ ತಕ್ಕಂತೆ ಈ ಎಲ್ಲೆಗಳನ್ನು ಹೊಂದಿಸುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಒತ್ತಡವನ್ನು ಅಳೆಯಲಾರದ ಸಾಧನವು ಮುಟ್ಟಿರುವ ತನಕ ೦.೫ ಎಂಬ ಸಂಖ್ಯೆಯನ್ನು ಕೊಡಬೇಕೆಂದು ನಿಯಮಾವಳಿಯಲ್ಲಿ ಹೇಳಿದೆ. ಅದು ಅಳೆದ ಅರ್ಧವಲ್ಲ, ಅಳೆಯದುದರ ಗುರುತು. ಮೌಸಿನಿಂದ ಬರೆದ ಗೆರೆಯ ಒತ್ತಡವನ್ನು ೦.೫ ಎಂದು ದಾಖಲಿಸಿಕೊಂಡು, ಬರೆದವನ ಕೈ ಅಲುಗದಷ್ಟು ಸ್ಥಿರವಾಗಿತ್ತೆಂದು ತೀರ್ಮಾನಿಸುವುದು ತಪ್ಪು. ಜಾತಿಯನ್ನೂ ಒತ್ತಡದೊಡನೆ ಸೇರಿಸಿಯೇ ಬರೆದಿಡಬೇಕು.

ಓರೆಯನ್ನು ಎರಡು ದಿಕ್ಕುಗಳಲ್ಲಿ, ಕಳೆ ೯೦ರಿಂದ ಕೂಡು ೯೦ ಡಿಗ್ರಿಯವರೆಗೆ ಹೇಳಲಾಗುತ್ತದೆ. ಚಿತ್ರಕಲೆಯಲ್ಲಿ ಪೆನ್ಸಿಲನ್ನು ಮಲಗಿಸಿ ನೆರಳು ತುಂಬುವ ಪರಿಣಾಮವನ್ನು ಇದರಿಂದ ತರಬಹುದು. ಅಕ್ಷರಾಭ್ಯಾಸದಲ್ಲಿ ಇದರ ಉಪಯೋಗ ಬೇರೆ: ಮಗು ಲೇಖನಿಯನ್ನು ಹಿಡಿದಿರುವ ಬಗೆಯನ್ನು ಶಿಕ್ಷಕರು ಪಕ್ಕದಲ್ಲಿ ನಿಲ್ಲದೆಯೂ ಅರಿಯಬಹುದು.

೭. ಅಂಗೈಯ ತೊಡಕು, ತೂಬಿನ ನ್ಯಾಯ

ಓಲೆಯ ಲಿಪಿಕಾರನ ಅಂಗೈ ಬರೆಯುವ ಮೈಗೆ ಊರಿರಲಿಲ್ಲ. ಪಾಟಿಯ ಮೇಲೆ ಬರೆವ ಮಗು ಅಂಗೈಯನ್ನು ಊರಿಯೇ ಬರೆಯುತ್ತದೆ. ಗಾಜಿನ ಪರದೆಯು ಆ ಅಂಗೈಯನ್ನೂ ಒಂದು ದೊಡ್ಡ ಬೆರಳೆಂದು ತಿಳಿದು ಗೆರೆ ಎಳೆಯಬಹುದು. ಹಲವು ಯಂತ್ರಗಳು ಅಂಗೈಯನ್ನು ತಾವಾಗಿಯೇ ಗುರುತಿಸಿ ಬಿಟ್ಟುಬಿಡುತ್ತವೆಯಾದರೂ ಫಲಕವು ಅದನ್ನೇ ನಂಬಿ ಕೂರಲಾಗದು. ಪ್ರತಿ ಗುರುತಿನ ಸಂಖ್ಯೆಗೂ ಬೇರೆ ಬೇರೆ ಗೆರೆಯನ್ನು ಇಟ್ಟುಕೊಳ್ಳಬೇಕು; ಲೇಖನಿಯು ಬರೆಯುತ್ತಿರುವಾಗ ಮತ್ತು ಎತ್ತಿದ ತುಸು ಹೊತ್ತಿನವರೆಗೆ ಬೆರಳ ಜಾತಿಯ ವಾರ್ತೆಗಳನ್ನು ಕಡೆಗಣಿಸಬೇಕು; ಲೇಖನಿಗಿಂತ ಮೊದಲೇ ಊರಿದ ಅಂಗೈಯಿಂದ ಗೆರೆ ಬಿದ್ದಿದ್ದರೆ ಅದನ್ನು ಹಿಂದೆಗೆದುಕೊಳ್ಳಬೇಕು.

ಹಾಗೆಂದು ಬೆರಳಿಗೆ ಎಂದೆಂದಿಗೂ ಬರಹವನ್ನು ನಿಷೇಧಿಸುವುದೂ ತರವಲ್ಲ. ಲೇಖನಿಯನ್ನು ಕೊಳ್ಳಲಾರದ ಮನೆಯ ಮಗು ಬೆರಳಿನಿಂದಲೇ ಬರೆಯಬೇಕಾಗುವುದು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತ ನಾಡಿನಲ್ಲಿ ಅದು ಹೊಸದೂ ಅಲ್ಲ. ಆದಕಾರಣ ಫಲಕವು ಲೇಖನಿಯನ್ನು ಕಂಡ ಬಳಿಕ ಮಾತ್ರ ಬೆರಳನ್ನು ತಡೆಯಬೇಕು. ಲೇಖನಿ ಇಲ್ಲದೆಡೆ ಬೆರಳಿಗೇ ಲೇಖನಿಯ ಅಧಿಕಾರ ಸಲ್ಲಬೇಕು. ಅಕ್ಷರದಾಸೋಹದ ಪಂಕ್ತಿಯಲ್ಲಿ ಭೇದವಿರಬಾರದಷ್ಟೆ.

ಇನ್ನೊಂದು ಸಂಗತಿ. ಪರದೆಯ ಮೇಲೆ ಸ್ಪರ್ಶವು ಸರಿದರೆ ಪುಟವನ್ನು ಮೇಲೆ ಕೆಳಗೆ ಉರುಳಿಸಬೇಕೆಂಬುದು ಬ್ರೌಸರಿನ ರೂಢಿ. ಹೊಸಪೇಟೆಯ ಸುತ್ತಣ ರೈತರಿಗೆ ವಿಜಯನಗರದ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಪರಿಚಿತ. ಮೇಲಣ ತೂಬು ಬೇರೆ ಕಡೆಗೆ ತೆರೆದಿದ್ದರೆ ಕೆಳಗಣ ಗದ್ದೆಗೆ ನೀರು ಬಾರದು. ಗದ್ದೆಯಲ್ಲಿ ಎಷ್ಟು ಬದು ಕಟ್ಟಿದರೂ ಪ್ರಯೋಜನವಿಲ್ಲ. ಹಾಗೆಯೇ ಬ್ರೌಸರು ಸ್ಪರ್ಶವನ್ನು ಪುಟ ಉರುಳಿಸಲು ತಿರುಗಿಸಿಕೊಂಡರೆ ಫಲಕಕ್ಕೆ ಒಂದೆರಡು ವಾರ್ತೆ ಬಂದು ಅನಂತರ ರದ್ದಿನ ವಾರ್ತೆ ಬರುವುದು. ಗೆರೆ ನಡುವೆಯೇ ತುಂಡಾಗುವುದು. ಮೇಲಿನ ತೂಬನ್ನೇ ಸರಿಪಡಿಸುವ ಉಪಾಯವೆಂದರೆ ಫಲಕದ ಶೈಲಿಯಲ್ಲಿ ‘ಟಚ್-ಆ್ಯಕ್ಷನ್’ ಎಂಬುದನ್ನು ‘ನನ್’ ಎಂದು ಇಡುವುದು. ಇದನ್ನು ಫಲಕಕ್ಕೆ ಮಾತ್ರ ಅನ್ವಯಿಸಬೇಕು. ಇಡೀ ಪುಟಕ್ಕೆ ಅನ್ವಯಿಸಿದರೆ ಓದುವವರಿಗೆ ಪುಟವೇ ಸರಿಯದು.

೮. ಮೂಲಪಾಠ, ತಿದ್ದಿದ ಪಾಠ, ಊಹಾಪಾಠ

ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಒಂದು ನಿಯಮ ಪ್ರಸಿದ್ಧ. ಓಲೆಯಲ್ಲಿ ಇರುವುದು ಮೂಲಪಾಠ. ಸಂಪಾದಕನು ತಿದ್ದಿದುದು ಪರಿಷ್ಕೃತ ಪಾಠ. ಓಲೆ ಮುರಿದಲ್ಲಿ ಊಹಿಸಿ ತುಂಬಿದುದು ಊಹಾಪಾಠ. ಮೂರನ್ನೂ ಬೆರೆಸುವವನು ಸಂಪಾದಕನಲ್ಲ. ಹಂಪೆಯಲ್ಲಿ ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಹಸ್ತಪ್ರತಿಗಳ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟುಕೊಂಡಿರುವುದು ಈ ಶಿಸ್ತಿನ ಮಹತ್ತ್ವವನ್ನು ಮನಗಂಡೇ.

ಪರದೆಯ ಫಲಕದಲ್ಲಿಯೂ ಈ ಮೂರು ಪಾಠಗಳಿವೆ. ಲೇಖನಿಯು ಕೊಟ್ಟ ಬಿಂದುಗಳು ಮೂಲಪಾಠ. ನಡುಬಿಂದುಗಳಿಂದ ನುಣುಪುಗೊಳಿಸಿದ ರೇಖೆ ಪರಿಷ್ಕೃತ ಪಾಠ. ಕೆಲವು ಬ್ರೌಸರುಗಳು ಲೇಖನಿ ಮುಂದೆ ಎಲ್ಲಿಗೆ ಹೋದೀತೆಂದು ಅಂದಾಜು ಮಾಡಿ ‘ಗೆಟ್‌ಪ್ರೆಡಿಕ್ಟೆಡ್‌ಈವೆಂಟ್ಸ್’ ಎಂಬ ಆಜ್ಞೆಗೆ ಬಿಂದುಗಳನ್ನು ಕೊಡುತ್ತವೆ, ಅವು ಊಹಾಪಾಠ. ಕೈಗೂ ಮಸಿಗೂ ನಡುವೆ ಕಾಣುವ ವಿಳಂಬವನ್ನು ಮರೆಸಲು ಊಹೆಯ ಬಿಂದುಗಳನ್ನು ಕ್ಷಣಮಾತ್ರ ತೋರಿಸಬಹುದು. ನಿಜವಾದ ಬಿಂದು ಬಂದೊಡನೆ ಅವನ್ನು ಅಳಿಸಬೇಕು. ದಾಖಲೆಗೆ ಎಂದೂ ಸೇರಿಸಬಾರದು. ನುಣುಪುಗೊಳಿಸುವುದನ್ನು ತೋರಿಕೆಗೆ ಮಾತ್ರ ಬಳಸಬೇಕು. ಉಳಿಸಿಡುವುದು ಮೂಲಪಾಠವನ್ನು.

ಆದಕಾರಣ ಫಲಕವು ಚಿತ್ರವನ್ನಷ್ಟೇ ಉಳಿಸದೆ ಗೆರೆಗಳ ಪಟ್ಟಿಯನ್ನು ಉಳಿಸತಕ್ಕದ್ದು. ಅಡ್ಡ, ಉದ್ದ, ಹೊತ್ತು, ಒತ್ತಡ, ಎರಡು ಓರೆಗಳು ಹೀಗೆ ಒಂದು ಬಿಂದುವಿಗೆ ಆರು ಸಂಖ್ಯೆಗಳಾದರೆ, ಸೆಕೆಂಡಿಗೆ ೨೪೦ ಬಿಂದುಗಳ ಲೆಕ್ಕದಲ್ಲಿ ಅರ್ಧ ನಿಮಿಷ ಎಡೆಬಿಡದೆ ಬರೆದರೂ ೪೩,೨೦೦ ಸಂಖ್ಯೆಗಳಷ್ಟೆ. ಒಂದು ಛಾಯಾಚಿತ್ರಕ್ಕೆ ಬೇಕಾದುದಕ್ಕಿಂತ ಇದು ಸಾಮಾನ್ಯವಾಗಿ ಕಡಮೆ. ಪಟ್ಟಿಯಿದ್ದರೆ ಕೊನೆಯ ಗೆರೆಯನ್ನು ಹಿಂದೆಗೆಯಬಹುದು, ಪರದೆ ದೊಡ್ಡದಾದಾಗ ಮಸುಕಿಲ್ಲದೆ ಮತ್ತೆ ಬರೆಯಬಹುದು, ಬರೆದ ಕ್ರಮವನ್ನು ಆದಿಯಿಂದ ನಡೆಸಿ ತೋರಿಸಬಹುದು. ಅಳಿಸಿದುದನ್ನೂ ಒಂದು ಗೆರೆಯೆಂದೇ ಬರೆದಿಟ್ಟರೆ, ಹಂಸಪಾದವಿರುವ ಓಲೆಯಂತೆ, ತಿದ್ದುಪಡಿಯ ಚರಿತ್ರೆಯೂ ಉಳಿಯುವುದು. ಮುಗಿದ ಗೆರೆಗಳನ್ನು ಒಂದು ಪದರದಲ್ಲಿಯೂ ಬರೆಯುತ್ತಿರುವ ಗೆರೆಯನ್ನು ಮೇಲಣ ಇನ್ನೊಂದು ಪದರದಲ್ಲಿಯೂ ಇಟ್ಟರೆ ಪ್ರತಿ ಸಲ ಎಲ್ಲವನ್ನೂ ಮತ್ತೆ ಬರೆಯುವ ಶ್ರಮ ತಪ್ಪಿ ಫಲಕ ಚುರುಕಾಗುವುದು.

೯. ಶಾಲೆಯಲ್ಲಿ ಮಾಡತಕ್ಕ ಅಭ್ಯಾಸಗಳು

ಹಂಪೆಯನ್ನು ರೇಖೆಗಳಲ್ಲಿ ಹಿಡಿಯುವ ಯತ್ನಕ್ಕೆ ದೀರ್ಘವಾದ ಇತಿಹಾಸವಿದೆ. ೧೭೯೯ರಲ್ಲಿ ಕಾಲಿನ್ ಮೆಕೆಂಜಿಯು ಈ ಸ್ಥಳವನ್ನು ಅಳೆದು ನಕ್ಷೆ ಮಾಡಿಸಿದನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಛಾಯಾಚಿತ್ರಗಳನ್ನು ತೆಗೆದನು. ೧೯೮೦ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರು ಕಟ್ಟಡಗಳನ್ನು ಅಳೆದು ರೇಖಾಚಿತ್ರಗಳನ್ನು ಸಿದ್ಧಪಡಿಸಿದರು. ೧೯೮೬ರಲ್ಲ‌ಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಂರಕ್ಷಿತ ಕಲ್ಲನ್ನು ಮುಟ್ಟದೆ, ಛಾಯಾಚಿತ್ರದ ಮೇಲೆ ಲೇಖನಿಯಿಂದ ಗೆರೆ ಎಳೆದು ಪ್ರತಿಮಾಡುವುದು ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ.

ಮೊದಲನೆಯ ಅಭ್ಯಾಸ: ‘ದನ’, ‘ಧನ’ ಎಂಬ ಎರಡು ಪದಗಳನ್ನು ಮೆಲ್ಲಗೆ ಒಮ್ಮೆ, ವೇಗವಾಗಿ ಒಮ್ಮೆ ಬರೆಸಿ, ಸೀಳು ನಾಲ್ಕು ಸಲವೂ ತಕ್ಕಂತೆ ಇದೆಯೇ ಎಂದು ಪರೀಕ್ಷಿಸುವುದು. ಸೀಳು ಮಾಯವಾದರೆ ದೋಷ ಕೈಯದೋ ಫಲಕದ್ದೋ ಎಂಬುದನ್ನು ಬಿಂದುಗಳ ಪಟ್ಟಿ ನೋಡಿ ನಿರ್ಣಯಿಸುವುದು.

ಎರಡನೆಯ ಅಭ್ಯಾಸ: ದೊಡ್ಡ ಸೊನ್ನೆಯೊಂದನ್ನು ವೇಗವಾಗಿ ಸುತ್ತಿಸಿ, ಕಟ್ಟು ಬಿಚ್ಚಿದ ಬಿಂದುಗಳಿಂದಲೂ ಬಿಚ್ಚದ ಬಿಂದುಗಳಿಂದಲೂ ಎರಡು ಬಣ್ಣಗಳಲ್ಲಿ ಬರೆದು ತಾಳೆನೋಡುವುದು.

ಮೂರನೆಯ ಅಭ್ಯಾಸ: ವಿರೂಪಾಕ್ಷ ದೇವಾಲಯದಲ್ಲಿರುವ, ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಹೇಳುವ ಶಾಸನದ ಛಾಯಾಚಿತ್ರವನ್ನು ಕೆಳಗಣ ಪದರದಲ್ಲಿಟ್ಟು, ಇಬ್ಬರು ವಿದ್ಯಾರ್ಥಿಗಳಿಂದ ಒಂದೇ ಸಾಲನ್ನು ಬೇರೆ ಬೇರೆಯಾಗಿ ಪ್ರತಿಮಾಡಿಸುವುದು. ಸ್ಪಷ್ಟವಾಗಿ ಕಂಡ ಗೆರೆಗೆ ಒಂದು ಬಣ್ಣ, ಊಹಿಸಿದುದಕ್ಕೆ ಇನ್ನೊಂದು. ಇಬ್ಬರಲ್ಲಿ ಭೇದ ಬಂದ ಅಕ್ಷರವನ್ನು ತರಗತಿಯಲ್ಲಿ ಚರ್ಚಿಸುವುದು. ಪಾಠಾಂತರವೆಂದರೇನೆಂದು ಇದರಿಂದ ತಿಳಿಯುವಷ್ಟು ಚೆನ್ನಾಗಿ ಬೇರಾವುದರಿಂದಲೂ ತಿಳಿಯದು.

ನಾಲ್ಕನೆಯದು ಊರಿನ ಕೆಲಸ. ಕಂಪಿಲಿಯ ಕುಮಾರರಾಮನ ಸಾಂಗತ್ಯಗಳೂ ಶರಣರ ವಚನಗಳೂ ಓಲೆಯ ಮೇಲೆಯೇ ಉಳಿದುಬಂದವು. ಮನೆಯ ಅಟ್ಟದಲ್ಲಿ ಓಲೆಯ ಕಟ್ಟೇನಾದರೂ ಇದ್ದರೆ, ಬಿಚ್ಚದೆ, ಎಣ್ಣೆ ಹಚ್ಚದೆ, ಮೊದಲು ಬಲ್ಲವರಿಗೆ ತಿಳಿಸಬೇಕೆಂಬ ಅರಿವನ್ನು ಮಕ್ಕಳ ಮೂಲಕ ಮನೆಗಳಿಗೆ ಮುಟ್ಟಿಸುವುದು.

ಉಪಸಂಹಾರ

ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ತಪ್ಪುಗಳನ್ನು ತಿದ್ದಿ ಓದಬೇಕೆಂದೂ, ಎಣ್ಣೆ ನೀರುಗಳಿಂದಲೂ ಸಡಿಲವಾದ ಕಟ್ಟಿನಿಂದಲೂ ಗ್ರಂಥವನ್ನು ಕಾಪಾಡಬೇಕೆಂದೂ ಬಿನ್ನವಿಸಿಕೊಳ್ಳುವುದು ವಾಡಿಕೆಯಾಗಿತ್ತು. ಪರದೆಯ ಬರಹಕ್ಕೆ ಎಣ್ಣೆ ನೀರುಗಳ ಭಯವಿಲ್ಲ. ಆದರೆ ಬೇರೆ ಭಯಗಳಿವೆ. ಒಂದೇ ಯಂತ್ರದಲ್ಲಿಟ್ಟುದು ಆ ಯಂತ್ರದೊಡನೆ ಹೋಗುತ್ತದೆ. ಒಂದೇ ಪ್ರೋಗ್ರಾಮಿಗೆ ಓದಬರುವ ರೂಪದಲ್ಲಿಟ್ಟುದು ಆ ಪ್ರೋಗ್ರಾಮು ನಿಂತಾಗ ಮೂಕವಾಗುತ್ತದೆ. ಎಲ್ಲರೂ ಓದಬಲ್ಲ ಸರಳ ರೂಪದಲ್ಲಿ, ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಇಡುವುದೇ ಇಂದಿನ ಬಿಗಿಯಾದ ಕಟ್ಟು.

ಶಾಲೆಗೆ ಯಂತ್ರಗಳನ್ನು ದಾನವಾಗಿ ಕೊಡುವ ಮಹನೀಯರೂ, ಅವುಗಳಿಂದ ಪಾಠ ಹೇಳುವ ಶಿಕ್ಷಕರೂ ಲೇಖನಿ ಎಷ್ಟು ಬೆಲೆಯದೆಂದು ಕೇಳುವುದಕ್ಕಿಂತ ಮೊದಲು ಫಲಕವು ಏನನ್ನು ಉಳಿಸುತ್ತದೆಂದು ಕೇಳುವುದು ಉಚಿತ. ಮುಟ್ಟಿದ ಮೊದಲ ಚುಕ್ಕೆ ಮೂಡುತ್ತದೆಯೇ, ನಡುವಣ ಬಿಂದುಗಳು ದೊರೆಯುತ್ತವೆಯೇ, ಅಂಗೈ ಊರಿದ ಮಗುವಿಗೂ ಬೆರಳಿನಿಂದ ಬರೆವ ಮಗುವಿಗೂ ಎಡೆಯಿದೆಯೇ, ಮೂಲಪಾಠ ಬೇರೆಯಾಗಿ ಉಳಿಯುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಕಂಟ ಹಿಡಿದ ಕೈಗಳು ತಮ್ಮ ಪಾಲಿನ ಕಾಯಕವನ್ನು ಮುಗಿಸಿ ಹೋದವು. ಅವು ಕೊಟ್ಟುಹೋದ ಅಕ್ಷರದಲ್ಲಿ ಒಂದು ಸೀಳೂ ಕಳೆಯದಂತೆ ಮುಂದಣವರಿಗೆ ದಾಟಿಸುವುದು ಈ ತಲೆಮಾರಿನ ಕಾಯಕ.